ಬೋರಲು ಗಡಿಗೆಯ ಮೇಲಿನ ತತ್ತಿ

ಮುಂಬೈಯಿಂದ ಆ ಎರಡು ಮೀನುಗಳನ್ನು ಹಾಲಿನ ಕ್ಯಾನಿನಲ್ಲಿಟ್ಟು ರೈಲಿನಲ್ಲಿ ತಂದ ದಿನವೇ ಅವ್ವ ಷರತ್ತು ಹಾಕಿದಳು. ಬ್ರಹ್ಮಪುರದ ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಅಂಥ ಮನೆಗೆ ಮೀನು!

"ಸಾಕಾಕ ತಂದೀನಿ ಯವ್ವಾ, ತಿನ್ನಾಕಲ್ಲ" ಎಂದೆ.

"ಸಾಕಿದ್ರ ಮರಿ ಆಗಬೇಕು. ದೀವಳಗಿ ಮಟ ನೋಡ್ತೀನಿ. ಆಗಲಿಲ್ಲಂದ್ರ ಕಮಲಾಪುರಕ್ಕ ಒಯ್ದು ನಿಮ್ಮತ್ತಿ ತ್ವಾಟದ ಬಾವ್ಯಾಗ ಬಿಟ್ಟು ಬಾ."

ಆಕೆಯ ಲೆಕ್ಕದಲ್ಲಿ ಎಮ್ಮೆಯಾಗಲಿ ಮೀನಾಗಲಿ, ಈಯದಿದ್ದರೆ ಮನೆಯಲ್ಲಿ ಜಾಗವಿಲ್ಲ.

ಅವು ಮಲಬಾರಿನ ಕಡೆಯ ಕಿತ್ತಳೆ ಬಣ್ಣದ ಅಗಲ ಮೀನು. ಸಿಕ್ಲಿಡ್ ಎಂಬ ಕುಲದವೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಗಂಡು ಹೆಣ್ಣು ಕೂಡಿಯೇ ತತ್ತಿ ಕಾಯುತ್ತವೆ, ಮರಿಗಳು ಹೆತ್ತವರ ಮೈಗೇ ಬಾಯಿ ಹಚ್ಚಿ ಮೇಯುತ್ತವೆ ಎಂದು ಮಾರಿದವನು ಹೇಳಿದ್ದ. ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂಬ ಹುಚ್ಚು ನನಗೆ.

ಅವಕ್ಕೆ ನನ್ನ ಮೇಲೆ ಅದೇನು ಹಗೆಯೋ! ತತ್ತಿ ಇಡಲೆಂದು ನೆಲಕ್ಕೆ ಹಾಸುವ ಫರಸಿಕಲ್ಲಿನ ತುಂಡು ಹಾಕಿದರೆ ಮೂಸಿಯೂ ನೋಡಲಿಲ್ಲ. ಕಲ್ಲು ತೆಗೆದು ಗಡಿಗೆಯನ್ನು ಬೋರಲು ಇಟ್ಟೆ. ಗಂಡು ಹೆಣ್ಣನ್ನು ಗಾಜಿನ ತೊಟ್ಟಿಯ ತುಂಬ ಅಟ್ಟಾಡಿಸಿ ಅದರ ರೆಕ್ಕೆ ಹರಿದುಹಾಕಿತು. ನಡುವೆ ಗಾಜು ನಿಲ್ಲಿಸಿ ಬೇರೆ ಮಾಡಿದರೆ ಎರಡೂ ಮೇವು ಬಿಟ್ಟವು. ಗಾಜು ತೆಗೆದು, ದನ ನೀರು ಕುಡಿಯುವ ಬಾನಿಯಿಂದ ಸೊಳ್ಳೆಮರಿ ಸೋಸಿ ತಂದು ಹಾಕಿದರೆ, "ಜೀವಾ ತಿನಿಸಿ ಜೀವಾ ಸಾಕ್ತಿ ಏನೋ" ಎಂದು ಅವ್ವನ ಗೊಣಗಾಟ. ನಿಜಾಮರ ಕಚೇರಿಯಲ್ಲಿ ಉರ್ದು ಅರ್ಜಿ ಬರೆಯುವಾಗಲೂ ತಲೆಯಲ್ಲಿ ಮೀನೇ. ಜತೆಯ ಗುಮಾಸ್ತರು, "ಕ್ಯಾ ಸಾಬ್, ಬಚ್ಚೇ ಹುವೇ ಕ್ಯಾ?" ಎಂದು ಮರಿಗಳ ಸುದ್ದಿ ಕೇಳಿ ಕಿಚಾಯಿಸುತ್ತಿದ್ದರು. ತಲೆ ಚಿಟ್ಟು ಹಿಡಿದಿತ್ತು.

ದೀವಳಗಿ ಇನ್ನೇನು ಬಂತು ಅನ್ನುವಾಗ ಒಂದು ಮುಂಜಾನೆ ಗಡಿಗೆಯ ಮೇಲೆ ಸಾಸಿವೆಯಷ್ಟು ಸಣ್ಣ ತತ್ತಿಗಳು! ಎರಡೂ ಮೀನುಗಳು ಪಕ್ಕದಲ್ಲಿ ನಿಂತು ರೆಕ್ಕೆ ಬೀಸುತ್ತಿದ್ದವು. ಅವ್ವ ಬಗ್ಗಿ ಬಹಳ ಹೊತ್ತು ನೋಡಿದಳು.

"ಅಯ್ಯ ನನ ಶಿವನ, ಗಂಡನೂ ಬಾಣಂತನ ಮಾಡಾಕತ್ತಾನಲ್ಲೋ!"

ಆಕೆ ಕರಗಿಹೋಗಿದ್ದಳು. ಗೆದ್ದೆ ಎಂದುಕೊಂಡು ಕಚೇರಿಗೆ ಹೋದೆ.

ಸಂಜೆ ಬಂದರೆ ಪಡಸಾಲೆಯ ತುಂಬ ಹೆಂಗಸರು. ಹಡೆದವಳಿಗೆ ಆರತಿ ಮಾಡದೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಓಣಿಯ ಮುತ್ತೈದೆಯರನ್ನೆಲ್ಲ ಕರೆದು, ತೊಟ್ಟಿಗೆ ಕುಂಕುಮ ಹಚ್ಚಿ, ಅವ್ವ ಗಾಜಿನ ಎದುರಿಗೆ ದೀಪ ಬೆಳಗುತ್ತಿದ್ದಳು. ಉಳಿದವರು ಹಾಡುತ್ತಿದ್ದರು. ಹೆದರಿದ ಮೀನುಗಳು ಗಾಜಿಗೆ ಬಡಿದುಕೊಂಡವು. ಆಮೇಲೆ ಗಡಿಗೆಯ ಕಡೆ ತಿರುಗಿ ತತ್ತಿಗಳನ್ನು ಹೆಕ್ಕಿ ಹೆಕ್ಕಿ ನುಂಗತೊಡಗಿದವು.

"ತತ್ತೀನ ಹಡದಾಕೇ ತಿನ್ನಾಕತ್ತಾಳಲ್ಲೋ!" ಅವ್ವ ಆರತಿತಟ್ಟೆ ಕೆಳಗಿಟ್ಟಳು.

"ನೀವೆಲ್ಲಾ ಕೂಡಿ ತಿನ್ನಿಸೀರಿ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ. ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ದೀವಳಗಿಯನ್ನೂ ಕಾಯದೆ, ಮರುದಿನ ಅವನ್ನು ಕೊಡಕ್ಕೆ ಹಾಕಿಕೊಂಡು ಕಮಲಾಪುರದ ಬಂಡಿ ಹತ್ತಿದೆ. "ನನ್ನ ಷರತ್ತು ಹಿಂದಕ್ಕ ತಗೊಂಡೀನಿ, ಬ್ಯಾಡೋ ತಮ್ಮಾ" ಎಂದು ಅವ್ವ ಬಾಗಿಲ ತನಕ ಬಂದಳು. ನಾನು ಕೇಳಲಿಲ್ಲ. ಸೋದರತ್ತೆಯ ಬಾಳೆತೋಟದ ಬಾವಿಗೆ ಸುರಿದು, ಪೀಡೆ ತೊಲಗಿತೆಂದು ತಿರುಗಿ ಬಂದೆ.

ಬೇಸಿಗೆಯಲ್ಲಿ ಅವ್ವನೊಂದಿಗೆ ಅತ್ತೆಯ ಮನೆಗೆ ಹೋಗಬೇಕಾಯಿತು. ಬಾವಿಯ ಮೆಟ್ಟಿಲು ಇಳಿದು ನೋಡಿದೆ, ನೀರು ತಗ್ಗಿತ್ತು. ಮುಳುಗಿದ ಮೆಟ್ಟಿಲೊಂದರ ಮೇಲೆ ಅದೇ ಎರಡು ಕಿತ್ತಳೆ ಮೀನು. ಸುತ್ತ ಸಣ್ಣ ಮರಿಗಳು. ಕೆಲವು ತಾಯಿಯ ಮೈಗೆ ಬಾಯಿ ಹಚ್ಚಿದ್ದವು. ಸದ್ದು ಮಾಡದೆ ಇನ್ನೊಂದು ಮೆಟ್ಟಿಲು ಇಳಿದೆ.

ಹಿಂದಿನಿಂದ ಅವ್ವ ನನ್ನ ಅಂಗಿ ಹಿಡಿದು ಜಗ್ಗಿದಳು. ಆಕೆ ಮುಖ ಆಚೆ ತಿರುಗಿಸಿ ನಿಂತಿದ್ದಳು.

"ಬಾ ಮ್ಯಾಲ. ಅಂಜ್ತಾವು, ನಾವು ನೋಡೂದು ಬ್ಯಾಡ."

ನನಗಿನ್ನೂ ನೋಡಬೇಕಿತ್ತು. ಹತ್ತಿ ಬಂದೆ.