ದೊಡ್ಡವ್ವ ನೋಡಿದ ಯುದ್ಧದ ಸಿನಿಮಾ

ದೊಡ್ಡವ್ವನ ಬೆರಳ ಸಂದುಗಳಲ್ಲಿ ಬಾಳೆಯ ಕರೆ ಕೂತುಬಿಟ್ಟಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಹೆಮ್ಮರಗಾಲದ ತೋಟದಲ್ಲಿ ಬೆಳಗ್ಗೆಯೇ ಎಲೆ ಕೊಯ್ದು, ಕಟ್ಟು ಕಟ್ಟಿ, ಬಸ್ಸಿನಲ್ಲಿ ನಂಜನಗೂಡಿಗೆ ತಂದು ಮಾರುತ್ತಿದ್ದಳು. ನನ್ನ ಅವ್ವನ ಅಕ್ಕ ಅವಳು. ಮಾತು ಕಡಿಮೆ. ಯಾರಾದರೂ ಮನೆಯ ವಿಷಯ ಎತ್ತಿದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಮನೆ ಮಾತು ಒಸ್ಲು ದಾಟ್ಬಾರ್ದು ಕಣವ್ವ" ಎಂದು ಎದ್ದುಬಿಡುತ್ತಿದ್ದಳು.

ದಾಟಬಾರದ ಮಾತು ಎಂದರೆ ಅಣ್ಣನದು, ಅವಳ ಒಬ್ಬನೇ ಮಗನದು. ಮಿಲಿಟರಿ ಸೇರಿ, ಗಡಿಯ ಹಿಮದಲ್ಲಿದ್ದು, ಮೈಮೇಲೆ ಒಂದು ಗಾಯವೂ ಇಲ್ಲದೆ ಊರಿಗೆ ಮರಳಿದ್ದ. ಬಂದವನು ಅನ್ನ ಬಡಿಸಿದರೆ ಮಂಜು ಎಂದು ತಟ್ಟೆ ತಳ್ಳುತ್ತಿದ್ದ. ಸತ್ತ ಗೆಳೆಯ ಹಿತ್ತಲಲ್ಲಿ ನಿಂತು ಬೂಟು ಕೇಳುತ್ತಾನೆ ಎನ್ನುತ್ತಿದ್ದ. ಗಾಳಿ ಸೋಕಿದೆ ಎಂದರು ಊರವರು. ದೊಡ್ಡವ್ವ ಹರಕೆ ಹೊತ್ತಳು, ತಾಯತ ಕಟ್ಟಿಸಿದಳು. ನೆಂಟರ ಮುಂದೆ ಅವನು ಬಾಯಿ ತೆರೆದರೆ "ಸುಮ್ನಿರು ಮಗ" ಎಂದು ತೋಳು ಹಿಡಿದು ಒಳಗೆ ಕರೆದೊಯ್ಯುತ್ತಿದ್ದಳು. ಬರಬರುತ್ತಾ ಅವನು ಮಾತೇ ಬಿಟ್ಟ. ಆಮೇಲೊಂದು ದಿನ ಕಪಿಲಾ ಹೊಳೆಯಲ್ಲಿ ಅವನ ಹೆಣ ಸಿಕ್ಕಿತು. ಜಾರಿದನೋ, ತಾನೇ ಇಳಿದನೋ, ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅಲ್ಲಿ ಆಗಾಗ ಊರವರನ್ನೂ ಕರೆದು ಸಿನಿಮಾ ತೋರಿಸುತ್ತೇವೆ. ಹೋದ ವರ್ಷ, ಯುದ್ಧಕಾಲದ ಕಾದಂಬರಿಯೊಂದನ್ನು ಆಧರಿಸಿದ ಕನ್ನಡ ಸಿನಿಮಾ ಹಾಕಿದ್ದೆವು. ಸಂಗಮದಲ್ಲಿ ಮೀಯಲು ಬಂದಿದ್ದ ದೊಡ್ಡವ್ವ ನಮ್ಮ ಮನೆಯಲ್ಲೇ ಉಳಿದಿದ್ದಳು. ಯುದ್ಧದ ಕತೆ, ನಿನಗೆ ಬೇಡ ಎಂದೆ. "ಒಬ್ಳೇ ಕೂತು ಏನ್ ಮಾಡ್ಲಿ, ಬತ್ತೀನಿ" ಎಂದು ಹೊರಟಳು.

ವಿಚಿತ್ರವಾದ ಸಿನಿಮಾ. ಸತ್ತ ಸೈನಿಕರು ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಲ್ಲುತ್ತಾರೆ. ಅಡುಗೆಯವನು ಬಡಿಸುತ್ತಾನೆ, ಅನ್ನ ತಟ್ಟೆಯನ್ನು ತೂರಿಕೊಂಡು ನೆಲಕ್ಕೆ ಬೀಳುತ್ತದೆ. ದೂರದ ಊರಿನಲ್ಲಿ ಒಬ್ಬ ತಾಯಿಯ ಅಡುಗೆಮನೆಯೊಳಗೆ ಹಿಮ ಸುರಿಯುತ್ತದೆ, ಅವಳು ಗುಡಿಸುತ್ತಲೇ ಇರುತ್ತಾಳೆ. ಹುಡುಗರು ಕೆಲವರು ನಕ್ಕರು. ಅರ್ಧದಷ್ಟು ಜನ ಎದ್ದುಹೋದರು. ದೊಡ್ಡವ್ವ ಕದಲಲಿಲ್ಲ.

ಮುಗಿದ ಮೇಲೆ ಜಗಳವೇ ಆಯಿತು. ಕಾದಂಬರಿಯನ್ನು ವರ್ಷಗಟ್ಟಲೆ ಪಾಠ ಮಾಡಿದ್ದ ಹಿರಿಯ ಅಧ್ಯಾಪಕರು, ಒಳ್ಳೆಯ ಪುಸ್ತಕವನ್ನು ಹಾಳು ಮಾಡಿದ್ದಾರೆ ಎಂದರು. ಒಬ್ಬ ಹುಡುಗಿ ಕಣ್ಣೊರೆಸಿಕೊಳ್ಳುತ್ತಾ, "ನಂಗೇನೂ ಅರ್ಥ ಆಗ್ಲಿಲ್ಲ ಮೇಡಂ, ಆದ್ರೆ ಎದ್ದೋಗಕ್ಕೂ ಆಗ್ಲಿಲ್ಲ" ಎಂದಳು. ನಿವೃತ್ತ ಸೈನಿಕರೊಬ್ಬರು ನಿಂತು ಹೇಳಿದರು: "ನಾನೂ ಬಾರ್ಡರ್‌ನಲ್ಲಿದ್ದೋನು ಕಣ್ರೀ. ಇಂಥದ್ದೆಲ್ಲ ನನ್ ಕಣ್ಗೆ ಬೀಳ್ನಿಲ್ಲ. ಸೈನಿಕ್ರಿಗೆ ಮರ್ಯಾದೆ ಕೊಡೋದು ಇಂಗಾ?"

ಹಿಂದಿನ ಸಾಲಿನಿಂದ ದೊಡ್ಡವ್ವ ಮೆಲ್ಲಗೆ ಅಂದಳು: "ನಿಮ್ ಕಣ್ಗೆ ಬೀಳ್ದೇ ಇದ್ದದ್ದು ದೇವ್ರ ದಯ ಕಣಪ್ಪ."

ಅವರು ಅವಳನ್ನೇ ನೋಡುತ್ತಾ ಕೂತರು.

ಮನೆಗೆ ನಡೆದು ಬರುವಾಗ ದೊಡ್ಡವ್ವ ಕೇಳಿದಳು: "ಈ ಕತೆ ಬರ್ದೋನ್ಗೆ ಯಾರೂ ತಾಯ್ತ ಕಟ್ನಿಲ್ವಾ?"

ದೀಪದ ಕಂಬದ ಹತ್ತಿರ ನಿಂತುಬಿಟ್ಟಳು.

"ನನ್ ಮಗ್ನೂ ಇದ್ನೇ ಅಲ್ವಾ ಯೋಳ್ತಿದ್ದುದು. ಇವ್ನದ್ದ ಇಷ್ಟ್ ಜನ ಕೂತು ಕೇಳುದ್ರು. ಅವ್ನ ಬಾಯ ನಾನೇ ಮುಚ್ಚುಸ್ದೆ."

ಆಮೇಲೆ ಅವಳು ಆಗಾಗ ಎಲೆಯ ಕಟ್ಟು ಹಿಡಿದು ನಮ್ಮ ಮನೆಗೆ ಬರತೊಡಗಿದಳು. ಅವರೆಕಾಯಿ ಸುಲಿಯುತ್ತಾ ಅಣ್ಣ ಹೇಳಿದ್ದನ್ನೆಲ್ಲ ಹೇಳುತ್ತಿದ್ದಳು. ಬೆಟ್ಟಗಳು ಮಲಗಿದವರ ಹತ್ತಿರಕ್ಕೆ ಸರಿದು ಬರುತ್ತಿದ್ದದ್ದು, ಗೆಳೆಯನ ದನಿ ಅವನು ಸತ್ತ ಮೇಲೂ ವೈರ್‌ಲೆಸ್ಸಿನಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದದ್ದು. ಒಂದು ಮಾತನ್ನೂ ಮರೆತಿರಲಿಲ್ಲ. ಒಮ್ಮೊಮ್ಮೆ ಅಳುತ್ತಿದ್ದಳು. ಉಪ್ಪಿನ ಮಾತಿಗೆ ಮಾತ್ರ ಅಣ್ಣನೇ ನಗುತ್ತಿದ್ದನಂತೆ, ಅದನ್ನು ಹೇಳುವಾಗ ಅವಳೂ ನಗುತ್ತಿದ್ದಳು.

ಅವಳ ಮಗಳು, ನಮ್ಮ ಅಕ್ಕ, ನನಗೆ ಫೋನ್ ಮಾಡಿ ಬೈದಳು. "ಯಾಕ್ ತೋರ್ಸ್ದೆ ಅವ್ವನ್ಗೆ? ಎಂಗೋ ಮರ್ತಿದ್ಲು. ಈಗ ಕೂತ್ರೂ ನಿಂತ್ರೂ ಅಣ್ಣ ಅಂತಾಳೆ. ನನ್ ಮುಂದೆ ಆ ಮಾತು ಎತ್ಬೇಡ ಅಂದಿವ್ನಿ." ಅವಳದ್ದು ತಪ್ಪು ಎನ್ನಲು ನನ್ನಿಂದಾಗಲಿಲ್ಲ. ದೊಡ್ಡವ್ವ ಸೊರಗುತ್ತಿದ್ದದ್ದು ನನಗೂ ಕಾಣುತ್ತಿತ್ತು. ಒಮ್ಮೆ ಅವಳನ್ನೇ ಕೇಳಿದೆ, ಆ ದಿನ ನಿನ್ನನ್ನು ಕರೆದೊಯ್ಯಬಾರದಿತ್ತೇ ಎಂದು. "ಸಂಕ್ಟ ಆಯ್ತದೆ ಕಣವ್ವ" ಎಂದಳು. ಸುಲಿದ ಕಾಳನ್ನು ಮೊರಕ್ಕೆ ಹಾಕಿ, "ಆದ್ರೂವೆ ಅವ್ನು ಮನೇಲವ್ನೆ ಅನ್ನಿಸ್ತದೆ" ಎಂದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಪಾರ್ಶ್ವವಾಯು ಹೊಡೆದು ಅವಳ ಮಾತು ನಿಂತಿತು. ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ತಿಥಿಯ ದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಬಾವಿಯ ಕಟ್ಟೆಯ ಮೇಲೆ ಕೂತು, ನನ್ನ ಮುಖ ನೋಡದೆ ಕೇಳಿದಳು: "ಅಣ್ಣ ಆಡಿದ್ ಮಾತೆಲ್ಲ ಈಗ ನಿನ್ ಒಬ್ಳತ್ರ ಅದೆ. ನಂಗೂ ಯೋಳು."

ಹೇಳತೊಡಗಿದೆ. ಒಳಗಿನಿಂದ ಯಾರೋ ಊಟಕ್ಕೆ ಕರೆದರು. ಅಕ್ಕ ಏಳಲಿಲ್ಲ.