ಮೂವತ್ತೆರಡನೇ ಬೋಲ್ಟಿನ ಕೆಳಗೆ

ಮೂವತ್ತೊಂದನೇ ಬೋಲ್ಟಿಗೆ ಸುತ್ತಿಗೆ ತಾಗಿಸಿ ಆಕೆ ಕಿವಿಗೊಡುತ್ತಾರೆ. ಟಣ್ ಎಂದರೆ ಬಿಗಿಯಿದೆ. ಹಡಗಿನ ಹೊಟ್ಟೆಯೊಳಗೆ, ನಾನೂರು ಟನ್ ಎಂಜಿನ್ನಿನ ಬುಡದಲ್ಲಿ ಮಂಡಿಯೂರಿದವರಿಗೆ ಹೊರಗೆ ಬೆಳಕು ಹರಿದದ್ದು ತಿಳಿಯದು. ಬಿಸಿಲೇರಿದರೆ ಹಡಗಿನ ಮೈ ಹಿಗ್ಗಿ ಅಳತೆ ತಪ್ಪುತ್ತದೆ. ಅದಕ್ಕೇ ಈ ಕೆಲಸಕ್ಕೆ ಮುಂಜಾವವೇ ಆಗಬೇಕು.

ಎಂಜಿನ್ ನೋಡಿ ಬಾಯಿ ಬಿಡುವವರು ಅದು ಕೂತ ಪೀಠದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಈ ಎಂಜಿನಿಯರ್ ನಕ್ಷೆ ಬರೆದ ಪೀಠಗಳು ನಲವತ್ತೊಂದು. ಮೊದಮೊದಲು ಹೆಂಗಸೆಂದು ಎಂಜಿನ್ ಕೋಣೆಯ ಏಣಿ ಇಳಿಯಲೂ ಬಿಡುತ್ತಿರಲಿಲ್ಲ. ಈಗ ಮಂಡಿಚಿಪ್ಪು ಸವೆದಿದೆ. "ಎಂಜಿನ್ ಕೂರಿಸಿ ಕೂರಿಸಿ, ನನಗೇ ನೆಟ್ಟಗೆ ಕೂರೋಕಾಗಲ್ಲ," ಎಂದು ನಗುತ್ತಾರೆ.

ಈ ಹಡಗು ಒಂದು ವರ್ಷ ಓಡಾಡಿ ತಪಾಸಣೆಗೆ ಬಂದಿದೆ. ಮೂವತ್ತೆರಡನೇ ಬೋಲ್ಟು ಬದ್ ಎನ್ನುತ್ತದೆ, ಸಡಿಲವಾಗಿದೆ. ಎಂಜಿನ್ನಿಗೂ ಪೀಠಕ್ಕೂ ನಡುವೆ ಕೂದಲೆಳೆಯಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಯೂ ನುಸುಳಬಾರದು. ಇಲ್ಲಿ ಆ ಪಟ್ಟಿ ಬೆರಳುದ್ದ ಒಳಗೆ ಹೋಗುತ್ತದೆ. ಮತ್ತೆ ತೂರಿಸುತ್ತಾರೆ, ಮತ್ತೆ ಹೋಗುತ್ತದೆ. ಟಾರ್ಚು ಹಿಡಿದು ಬಗ್ಗಿದರೆ, ಪೀಠದ ಆಧಾರದ ಪ್ಲೇಟಿನಲ್ಲಿ ಕೈ ತೂರಲು ಬಿಟ್ಟ ಕಿಂಡಿಯ ಮೂಲೆಯಿಂದ ಒಂದು ಬಿರುಕು. ಅದರುದ್ದಕ್ಕೂ ಉಗುರು ಎಳೆದು ನೋಡುತ್ತಾರೆ.

ಆ ಕಿಂಡಿ ಮೊದಲು ಅಷ್ಟು ದೊಡ್ಡದಿರಲಿಲ್ಲ. ಬೋಲ್ಟು ಬಿಗಿಯುವಾಗ ಹೆಡ್ ಫಿಟ್ಟರ್ ಅಣ್ಣನ ಕೈ ಪ್ರತಿಸಲ ತರಚುವುದನ್ನು ನೋಡಲಾರದೆ ನಕ್ಷೆಯಲ್ಲಿ ಎರಡು ಬೆರಳಗಲ ಹಿಗ್ಗಿಸಿದವರು ಇವರೇ. ಇಷ್ಟಕ್ಕೇನಾಗುತ್ತದೆಂದು ಭಾರದ ಲೆಕ್ಕ ಮತ್ತೆ ಹಾಕಿರಲಿಲ್ಲ. ಅದೇ ನಕ್ಷೆಯ ಇನ್ನೆರಡು ಹಡಗುಗಳು ಈ ಗಳಿಗೆಯಲ್ಲಿ ನಡುಗಡಲಲ್ಲಿವೆ.

ಜೊತೆಗಿದ್ದ ಫಿಟ್ಟರ್ ಅಣ್ಣ ಟಾರ್ಚು ಇಸಿದುಕೊಂಡು ಬಗ್ಗಿ ನೋಡುತ್ತಾರೆ.

"ಬೆಸುಗೆ ಸರಿಯಿಲ್ಲ ಅಂತ ಬರೀರಿ ತಾಯಿ. ಹಾಕಿದೋನು ಕೆಲಸ ಬಿಟ್ಟು ಹೋಗಿ ಆರು ತಿಂಗಳಾಯ್ತು."

"ಬೆಸುಗೆ ಚೆನ್ನಾಗೇ ಇದೆಯಲ್ಲ ಅಣ್ಣ."

"ಇದೆ. ಆದ್ರೆ ಕಿಂಡಿ ಚಿಕ್ಕದು ಅಂತ ನಿಮ್ಮ ಹತ್ರ ಗೋಳು ಹುಯ್ಕೊಂಡೋನು ನಾನು. ನನ್ನ ಕೈ ನೋಡೋಕೆ ಹೋಗಿ ನಿಮ್ಮ ಕೆಲಸ ಹೋಗಬೇಕಾ?"

ಆಕೆ ಏಣಿ ಹತ್ತುತ್ತಾರೆ. ಕಚೇರಿಯ ನಲ್ಲಿಯಲ್ಲಿ ಕೈಯ ಜಿಡ್ಡು ತೊಳೆಯುತ್ತಾರೆ. ಮೇಜಿನ ಮೇಲೆ ತಪಾಸಣೆಯ ಹಾಳೆ. ಅದರಲ್ಲಿ 'ಕಾರಣ' ಎಂಬ ಖಾಲಿ ಜಾಗ. ಗಂಡನ ಫೋನು ಬರುತ್ತದೆ. ತಿಂಡಿ ಆಯಿತೇ ಎಂದು ಕೇಳಿದವರಿಗೆ ಹ್ಞೂಂ ಎನ್ನುತ್ತಾರೆ. ದನಿ ಯಾಕೆ ಹೀಗಿದೆ ಎಂದರೆ, ಒಳಗೆ ಧೂಳು ಎನ್ನುತ್ತಾರೆ. ಅಷ್ಟರಲ್ಲಿ ಮನಸ್ಸು ತೀರ್ಮಾನಿಸಿಯಾಗಿದೆ: ಮೊದಲು ಆ ಎರಡು ಹಡಗುಗಳ ಎಂಜಿನ್ ನಿಲ್ಲಿಸಲು ಹೇಳಬೇಕು, ಆಮೇಲೆ ಖಾಲಿ ಜಾಗದಲ್ಲಿ, ಕಿಂಡಿ ಹಿಗ್ಗಿಸಿದ್ದು ನಾನು ಎಂದು ಬರೆಯಬೇಕು. ಗಂಡನಿಗೆ, ಸಂಜೆ ಬರುವುದು ತಡವಾಗಬಹುದು ಎಂದಷ್ಟೇ ಹೇಳುತ್ತಾರೆ.