ಕಾಲೇಜಿನ ಮನೆ ನೋಡಲು ಹೋದದ್ದು

ಪದವಿ ಕಾಲೇಜಿಗೆ ಸೇರಿದ ಹೊಸದರಲ್ಲಿ, ಪರಿಚಯ ಕಾರ್ಯಕ್ರಮಕ್ಕೆ ಪಾಲಕರೊಬ್ಬರ ಜೊತೆ ರಾಯಚೂರಿಗೆ ಬರಬೇಕೆಂದು ನನ್ನ ಮೊಬೈಲಿಗೆ ಸಂದೇಶ ಬಂತು. ನಮ್ಮೂರು ಅರಕೇರಾದಿಂದ ನನ್ನ ಜೊತೆ ಹನ್ನೊಂದು ಜನ ಹೊರಟರು. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋಗುವುದು ಹೀಗೆಯೇ, ಅಜ್ಜನಿಗೆ ಬೇರೆ ರೀತಿ ಗೊತ್ತಿರಲಿಲ್ಲ. ಹೊಸ ರುಮಾಲು ಸುತ್ತಿಕೊಂಡು ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ ಕೂತ.

ಕಾಲೇಜಿನಲ್ಲಿ ದೊಡ್ಡವ್ವ ನಲ್ಲಿ ತಿರುಗಿಸಿ ನೀರು ಬರುವುದನ್ನು ಖಾತ್ರಿ ಮಾಡಿಕೊಂಡಳು. ಕಾಕಾ ಗೋಡೆ ಬಡಿದು ನೋಡಿದ. ಸ್ವಾಗತದ ಪೇಡೆ ಬಂದಾಗ ಅಜ್ಜ ತಟ್ಟೆಗೆ ಕೈ ಅಡ್ಡ ಹಿಡಿದ. "ಒಪ್ಪಿಗಿ ಆಗೋತನಕ ಸಿಹಿ ಮುಟ್ಟಂಗಿಲ್ರೀ."

ಯಾವ ವಿಷಯ ಆರಿಸಿಕೊಳ್ಳಬೇಕೆಂದು ಸಲಹೆ ಕೊಡಲು ಒಬ್ಬ ಮೇಷ್ಟ್ರು ಕೂತಿದ್ದರು. ಅಜ್ಜ ಅವರನ್ನೇ ವಿಚಾರಣೆಗೆ ಹಿಡಿದ. "ನಿಮ್ಮ ಮೂಲ ಊರು ಯಾವುದ್ರೀ? ಅಣ್ಣತಮ್ಮರು ಎಷ್ಟು ಮಂದಿ? ನಿಮಗ ಸಿಟ್ಟು ಬರ್ತದೇನ್ರೀ?"

ಮಾನ್ವಿ, ಮೂವರು, ಅಪರೂಪಕ್ಕೆ ಎಂದು ಆ ಪುಣ್ಯಾತ್ಮರು ಎಲ್ಲಕ್ಕೂ ಉತ್ತರಿಸಿದರು. ಆಮೇಲೆ ನನ್ನತ್ತ ತಿರುಗಿ, "ನಿನಗ ಯಾವ ಸಬ್ಜೆಕ್ಟ್ ಬೇಕವ್ವಾ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಎದ್ದು ಕೈಮುಗಿದ. "ಊರಿಗಿ ಹೋಗಿ ಮಾತಾಡಿ, ಹೇಳಿ ಕಳಸ್ತೀವ್ರೀ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾರವೆಲ್ಲ ಅಜ್ಜನ ಜೊತೆ ಮಾತು ಬಿಟ್ಟೆ.

ಪದವಿ ಮುಗಿದ ಮೇಲೆ ಅದೇ ಹನ್ನೊಂದು ಜನ ನಿಜವಾದ ಗಂಡಿನ ಮನೆ ನೋಡಲು ದೇವದುರ್ಗಕ್ಕೆ ಹೋದರು. ಅರ್ಧ ಗಂಟೆಯಲ್ಲಿ ಒಪ್ಪಿ, ಪೇಡೆ ತಿಂದು ಬಂದರು. ಹುಡುಗನಿಗೆ ಸಿಟ್ಟು ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.